ಅಟ್ಟಕ್ಕೇರಿಸಿದ ಮಾತುಗಳು

ಎರಡು ಹೊಳೆ ಕೂಡುವಲ್ಲಿ ಒಂದು ಮಠ. ಯಾವ ಹೊಳೆ, ಯಾವ ಮಠ ಅಂತ ಕೇಳಬೇಡಿ. ಹೆಸರು ಹೇಳಿದರೆ ನಾಳೆಯೇ ಹೋಗಿ ಅಲ್ಲಿ ಕೂತುಬಿಡುತ್ತೀರಿ, ಆಮೇಲೆ ಊಟಕ್ಕೆ ಎಲೆ ಸಾಲುವುದಿಲ್ಲ.

ಮಠದ ಹಿರಿಯರು ರುದ್ರಮುನಿ ಅಜ್ಜಾರು. ಬೇರೆ ಮಠಗಳಲ್ಲಿ ಶಾಸ್ತ್ರ ಹೇಳಿಕೊಡುತ್ತಾರೆ. ಇವರು ಯಂತ್ರಕ್ಕೆ ಪ್ರೋಗ್ರಾಂ ಬರೆಯುವುದನ್ನು ಹೇಳಿಕೊಡುತ್ತಿದ್ದರು.

"ಎರಡೂ ಒಂದ. ಇದರಾಗ ತಪ್ಪು ಲಗೂ ಗೊತ್ತಾಗತೈತಿ, ಅಷ್ಟ," ಅನ್ನುತ್ತಿದ್ದರು.

ಸಣ್ಣ ಹೊಳೆಯ ದಂಡೆಯಲ್ಲಿ, ಹರಿಗೋಲು ನಿಲ್ಲುವ ಕಡೆ, ಒಂದು ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಒಂದು ಡಬ್ಬಿ. ಡಬ್ಬಿಯೊಳಗೆ ಹಳೇ ಕಾಲದ ಪುಟ್ಟ ಕಂಪ್ಯೂಟರು. ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಹಲಗೆ, ಮುಂದೆ ಕೆಂಪು ಅಕ್ಷರ ಮೂಡುವ ಬೋರ್ಡು.

ನೀರೊಳಗೆ ಒಂದು ಕೋಲು ನೆಟ್ಟಿತ್ತು. ನೀರು ಎಷ್ಟು ಏರಿದೆ ಎಂದು ಅದು ಡಬ್ಬಿಗೆ ತಿಳಿಸುತ್ತಿತ್ತು. ಕೆಳಗೆ, ಎರಡು ಹೊಳೆ ಕೂಡುವ ಬಾಯಲ್ಲಿ, ಒಂದು ಗಾಲಿ ಇತ್ತು. ಹರಿವು ಹೇಗಿದೆ ಎಂದು ಅದು ತಿಳಿಸುತ್ತಿತ್ತು.

ನೀರು ಏರಿದರೆ ಬೋರ್ಡಿನಲ್ಲಿ ಮೂಡುತ್ತಿತ್ತು: ನೀರು ಏರಾಕತ್ತೈತಿ, ತಡೀರಿ. ಇಳಿದರೆ: ಇಳದೈತಿ, ಹೋಗ್ರಿ. ತನ್ನ ಮೈಯಲ್ಲೇ ಏನಾದರೂ ಕೆಟ್ಟರೆ ಅದನ್ನೂ ಡಬ್ಬಿ ಬಾಯಿಬಿಟ್ಟು ಹೇಳಿಕೊಳ್ಳುತ್ತಿತ್ತು.

ಹರಿಗೋಲು ಹುಲಿಗೆವ್ವನದು. ಬೋರ್ಡು ಓದದೆ ಅವಳು ಹಗ್ಗ ಬಿಚ್ಚುತ್ತಿರಲಿಲ್ಲ. ಅವಳ ಗಂಡ ಬೋರ್ಡು ಇಲ್ಲದ ಕಾಲದಲ್ಲಿ ಹಗ್ಗ ಬಿಚ್ಚಿದವನು, ತಿರುಗಿ ಬರಲಿಲ್ಲ.

ಮಳೆಗಾಲದ ಮೊದಲಿಗೆ ಹುಲಿಗೆವ್ವ ಅಜ್ಜಾರ ಮುಂದೆ ಬಂದು ಕೂತಳು.

"ಅಜ್ಜಾರ, ಮ್ಯಾಲಿಂದ ನೀರು ಹೇಳದ ಕೇಳದ ಬರತೈತಿ. ಮ್ಯಾಲಿನ ತಿರುವಿನ್ಯಾಗೂ ಒಂದು ಕೋಲು ಹಾಕಸ್ರಿ."

"ಈಗ ಯಾಕ ಅವಸರ?"

"ಮಗಳು ರೇಣವ್ವ ಆಚೀ ದಂಡ್ಯಾಗ ಅದಾಳ್ರಿ, ಗಂಡನ ಮನ್ಯಾಗ. ತುಂಬಿದ ಬಸರಿ. ಬ್ಯಾನಿ ಬಂದ್ರ ನಾನ ಹೋಗಿ ಹರಿಗೋಲದಾಗ ಕೂಡಿಸಿಕೊಂಡು ಈಚೀಗೆ ದವಾಖಾನಿಗೆ ತರಬೇಕು. ಅವತ್ತು ಬೋರ್ಡು ತಪ್ಪು ಹೇಳಬಾರದ್ರಿ. ಗಂಡನ್ನ ಕೊಟ್ಟೀನಿ. ಮಗಳನ್ನ ಕೊಡೂದಿಲ್ಲ."

ಅಜ್ಜಾರು ಶಿಷ್ಯನ ಕಡೆ ನೋಡಿದರು. "ಚನ್ನವೀರ, ನೀ ಮಾಡು."

ಚನ್ನವೀರನ ಬುದ್ಧಿ ಚುರುಕು. ಕೈ ಅದಕ್ಕಿಂತ ಚುರುಕು. ತಾಪತ್ರಯ ಇದ್ದದ್ದೇ ಅಲ್ಲಿ.

ಅವನು ಡಬ್ಬಿ ಬಿಚ್ಚಿ ಪ್ರೋಗ್ರಾಂ ನೋಡಿದ. ಕಂಪ್ಯೂಟರು ಕೆಲಸ ಮಾಡುವಾಗ ತಲೆಯಲ್ಲಿ ಇಟ್ಟುಕೊಳ್ಳುವ ಜಾಗಕ್ಕೆ ಮೆಮೊರಿ ಅನ್ನುತ್ತಾರೆ. ಆ ಡಬ್ಬಿಯ ಮೆಮೊರಿ ಒಂದು ಬೊಗಸೆ. ಬೊಗಸೆ ತುಂಬಿ ತುಳುಕುತ್ತಿತ್ತು.

"ಅಜ್ಜಾರ, ಹೊಸ ಕೋಲಿಗೆ ಜಾಗ ಇಲ್ರಿ."

"ಯಾರು ಕುಂತಾರ ಅಲ್ಲಿ?"

"ಮಾತು ಕುಂತಾವ್ರಿ. ಅದು ಕೆಟ್ಟೈತಿ, ಇದು ಕೆಟ್ಟೈತಿ, ಹಂಗ ಆದ್ರ ಹಿಂಗ ಮಾಡ್ರಿ, ಬರೇ ಇದ. ಕೆಲಸ ಹಿಡಿಯಷ್ಟು, ದೂರು ಹೊರೆಯಷ್ಟು. ದೊಡ್ಡ ಕಂಪ್ಯೂಟರು ತರೂಣೇನ್ರಿ?"

"ಹಾಸಿಗಿ ಇದ್ದಷ್ಟು ಕಾಲು ಚಾಚು ಅಂತ ನಿಮ್ಮವ್ವ ಹೇಳಿಲ್ಲೇನು?"

"ಹೇಳ್ಯಾಳ್ರಿ. ಕಾಲು ಉದ್ದ ಅದಾವಲ್ರಿ."

"ಹಂಗಾರ ಮಡಚು."

ಚನ್ನವೀರ ಮಡಚಿದ. ಎಲ್ಲ ಮಾತು ಅಳಿಸಿ, ಮಾತಿಗೊಂದು ಅಂಕಿ ಇಟ್ಟ. ಕೋಲು ಮುರಿದರೆ ಬೋರ್ಡಿನಲ್ಲಿ ಮೂರು. ಗಾಲಿಗೆ ಕಸ ಸಿಕ್ಕಿದರೆ ಏಳು. ಮೆಮೊರಿ ಖಾಲಿ ಖಾಲಿ ಆಯಿತು.

"ನೋಡ್ರಿ ಅಜ್ಜಾರ. ಮಾತು ಬೆಳ್ಳಿ, ಮೌನ ಬಂಗಾರ."

ಅಜ್ಜಾರು ತಲೆಯಾಡಿಸಿ ಸುಮ್ಮನಾದರು.

ಮಧ್ಯಾಹ್ನ ಶಿಷ್ಯ ಕೇಳಿದ. "ಅಜ್ಜಾರ, ನಮ್ಮೂರಿಂದ ಫೋನ್ ಬಂದಿತ್ತಂತಲ್ರಿ. ಏನಂದ್ರು?"

"ಏಳು," ಅಂದರು ಅಜ್ಜಾರು.

"ಏಳು ಅಂದ್ರ?"

"ಏಳು."

"ನಮ್ಮವ್ವ ಆರಾಮ ಅದಾಳೋ ಇಲ್ಲೋ ಹೇಳ್ರಿ."

"ಏಳು ಅಂದ್ನೆಲ್ಲೋ," ಅಂದು ಅಜ್ಜಾರು ಒಳಗೆ ಹೋದರು.

ಚನ್ನವೀರ ಕಟ್ಟೆ ಮೇಲೆ ಕೂತ, ಎದ್ದ, ಮತ್ತೆ ಕೂತ. ಊಟ ಸೇರಲಿಲ್ಲ. ಊರಿಗೆ ಹೊರಡುವುದಕ್ಕೆ ಚೀಲ ತೆಗೆದ. ಚೀಲಕ್ಕೆ ಅಂಗಿ ತುರುಕುವಾಗ ಅಜ್ಜಾರು ಬಾಗಿಲಲ್ಲಿ ನಿಂತಿದ್ದರು.

"ನಿಮ್ಮವ್ವ ಆರಾಮ ಅದಾಳ. ಶೇಂಗಾ ಹೋಳಿಗಿ ಕಳಸ್ಯಾಳಂತ."

ಚನ್ನವೀರ ಚೀಲ ಹಿಡಿದುಕೊಂಡೇ ಗೋಡೆಗೆ ಒರಗಿದ.

"ಬಂಗಾರ ಹೆಂಗಿತ್ತು?" ಅಂತ ಕೇಳಿದರು ಅಜ್ಜಾರು.

ಶಿಷ್ಯ ಹೋಗಿ ಅಳಿಸಿದ ಮಾತನ್ನೆಲ್ಲ ತಿರುಗಿ ಬರೆದ. ಬೊಗಸೆ ಮತ್ತೆ ತುಂಬಿತು.

ಮರುದಿನ ಅಜ್ಜಾರು ಅವನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ಅಲ್ಲಿ ಶಾಂತವ್ವನ ರಾಜ್ಯ. ಒಲೆ ಹಚ್ಚುವವಳೂ ಅವಳೇ, ಪಂಕ್ತಿಗೆ ಬಡಿಸುವವಳೂ ಅವಳೇ.

"ಶಾಂತವ್ವ, ದಾಸೋಹದ ದೊಡ್ಡ ಕೊಪ್ಪರಿಗಿ ಎಲ್ಲೈತಿ?"

"ಅಟ್ಟದ ಮ್ಯಾಲ ಐತ್ರಿ."

"ಒಲಿ ಮ್ಯಾಲ ಯಾಕ ಇಟ್ಟಿಲ್ಲ?"

ಶಾಂತವ್ವ ಅಜ್ಜಾರ ಮುಖ ನೋಡಿದಳು, ಆಮೇಲೆ ಶಿಷ್ಯನ ಮುಖ ನೋಡಿದಳು. ಇಬ್ಬರಲ್ಲಿ ಯಾರಿಗೆ ಏನಾಗಿದೆ ಅಂತ ಅವಳಿಗೆ ತಿಳಿಯಲಿಲ್ಲ.

"ಅದನ್ನ ಒಲಿ ಮ್ಯಾಲ ಇಟ್ರ ದಿನದ ನುಚ್ಚು ನಿಮ್ಮ ತಲಿ ಮ್ಯಾಲ ಕುದಸ್ಲೇನ್ರಿ? ಬೇಕಾದಾಗ ಇಳಸ್ತೀನಿ, ಮುಗದ ಮ್ಯಾಲ ಏರಸ್ತೀನಿ."

ಅಜ್ಜಾರು ಹೊರಟೇ ಹೋದರು. ಚನ್ನವೀರ ಅಟ್ಟ ನೋಡುತ್ತಾ ನಿಂತ. ಒಲೆಯ ಮೇಲೆ ಸಣ್ಣ ಗಡಿಗೆ. ಅಟ್ಟದ ಮೇಲೆ ಕತ್ತಲಲ್ಲಿ ಊರಿಗೆಲ್ಲ ಉಣಿಸುವ ಕೊಪ್ಪರಿಗೆ.

ಅವತ್ತೇ ಅವನು ಡಬ್ಬಿಗೊಂದು ಅಟ್ಟ ಮಾಡಿದ. ಡಬ್ಬಿಯಲ್ಲಿ ಒಂದು ಕಾರ್ಡು ಇತ್ತು, ಉಗುರಿನಷ್ಟು ದೊಡ್ಡದು. ಎಲ್ಲ ಮಾತನ್ನೂ ಆ ಕಾರ್ಡಿನ ಒಂದು ಫೈಲಿನಲ್ಲಿ ಸಾಲಾಗಿ ಬರೆದ. ಪ್ರೋಗ್ರಾಮಿನೊಳಗೆ ಉಳಿದದ್ದು ಸಾಲಿನ ಲೆಕ್ಕ ಮಾತ್ರ. ತೊಂದರೆ ಬಂದರೆ ಡಬ್ಬಿ ಫೈಲಿಗೆ ಹೋಗಬೇಕು, ಮೇಲಿನಿಂದ ಎಣಿಸಿ ಆ ಸಾಲು ಹುಡುಕಬೇಕು, ಅದೊಂದನ್ನೇ ತಂದು ಬೋರ್ಡಿಗೆ ಹಚ್ಚಬೇಕು, ಆಮೇಲೆ ಮರೆತುಬಿಡಬೇಕು.

ಗಾಲಿಗೆ ಒಂದಿಷ್ಟು ಕಸ ತುರುಕಿ ನೋಡಿದ. ಬೋರ್ಡು ಒಂದು ಉಸಿರು ಕತ್ತಲಾಯಿತು. ಆಮೇಲೆ ಕೆಂಪಗೆ ಮೂಡಿತು: ಗಾಲಿಗೆ ಕಸ ಸಿಕ್ಕೈತಿ, ತಗೀರಿ.

ಅವನಿಗೆ ಮೈ ಜುಮ್ಮೆಂದಿತು. ತಾನೇ ಬರೆದದ್ದು, ತನಗೇ ಗೊತ್ತಿದ್ದದ್ದು. ಆದರೂ ಮಾತೇ ಇಲ್ಲದ ಡಬ್ಬಿ ಎಲ್ಲಿಗೋ ಹೋಗಿ ಬೇಕಾದ ಮಾತೊಂದನ್ನೇ ತಂದಿತ್ತು. ತನ್ನ ತಾಪತ್ರಯವನ್ನೆಲ್ಲ ಹೊತ್ತು ತಿರುಗದೆಯೇ ಅದು ಹಗುರಾಗಿ ಕೂತಿತ್ತು. ನಾನೂ ಹಿಂಗ ಬದುಕಬಹುದಲ್ಲ ಅಂದುಕೊಂಡ.

ಓಡಿಹೋಗಿ ಅಜ್ಜಾರಿಗೆ ಹೇಳಿದ.

"ಎಲ್ಲಾ ಮಾತು ಏರಿಸಿದಿ?"

"ಎಲ್ಲಾ ಏರಿಸಿದೆ ಅಜ್ಜಾರ. ಒಂದೂ ಕೆಳಗಿಲ್ಲ."

"ಏಣಿ?"

"ಯಾವ ಏಣಿ?"

"ಅಟ್ಟ ಹತ್ತೂ ಏಣಿ. ಅದನ್ನೂ ಅಟ್ಟದ ಮ್ಯಾಲ ಇಟ್ಟೀಯೇನು?"

ಶಿಷ್ಯನಿಗೆ ಆಗ ಹೊಳೆಯಿತು. ಕಾರ್ಡೇ ಕೆಟ್ಟರೆ? ಕಾರ್ಡು ಕೆಟ್ಟಿದೆ ಅನ್ನುವ ಮಾತೂ ಕಾರ್ಡಿನ ಮೇಲೇ ಇತ್ತು.

ಹೋಗಿ ಒಂದು ಮಾತನ್ನು ಕೆಳಗೆ ಇಳಿಸಿ ಪ್ರೋಗ್ರಾಮಿನೊಳಗೇ ಇಟ್ಟ: ನನಗ ಮಾತು ಸಿಗವಲ್ಲದು. ದಾಟಬ್ಯಾಡ್ರಿ.

"ಹೊಸ ಕೋಲಿನ ಮಾತು ಫೈಲಿನ್ಯಾಗ ಎಲ್ಲಿ ಬರೀಲ್ರಿ?" ಅಂತ ಕೇಳಿದ.

"ತಡಾ ಮಾಡಿ ಬಂದವ ಪಂಕ್ತ್ಯಾಗ ಎಲ್ಲಿ ಕೂಡತಾನ?"

"ಕಡೀಕ."

"ಮತ್ತ?"

ಕಡೆಗೆ ಬರೆದ. ಮೇಲಿನ ತಿರುವಿನಲ್ಲಿ ಹೊಸ ಕೋಲು ನೆಟ್ಟ. ಕೆಲಸ ಮುಗಿಯಿತು. ಇಲ್ಲಿಗೇ ಕೈ ತೊಳೆದಿದ್ದರೆ ಕಥೆಯೂ ಮುಗಿಯುತ್ತಿತ್ತು. ಚುರುಕು ಕೈ ಸುಮ್ಮನಿರಬೇಕಲ್ಲ.

ಮರುದಿನ ಅವನು ಫೈಲನ್ನು ಮೇಲಿನಿಂದ ಕೆಳಗೆ ಓದಿದ. ಮಾತೆಲ್ಲ ನಿಂಬೆಕ್ಕ ಬರೆದದ್ದು. ನಿಂಬೆಕ್ಕ ಅಜ್ಜಾರ ಹಿಂದಿನ ಶಿಷ್ಯೆ, ಡಬ್ಬಿ ಕಟ್ಟಿದವಳು. ಜ್ವರ ಬಂದು ತೀರಿಕೊಂಡಿದ್ದಳು. ಚನ್ನವೀರ ಅವಳನ್ನು ಕಂಡವನಲ್ಲ. ಬೋರ್ಡಿನ ಮಾತು ಹರಿಗೋಲಿನವರ ಮಾತಿನಂತೆಯೇ ಇರಬೇಕು ಅಂತ ಹಟ ಹಿಡಿದು ಬರೆದವಳು ಅವಳು.

ನಡುವೆ ಒಂದು ಸಾಲು ಹೀಗಿತ್ತು: ಹೊಳಿ ಹಿಂದಕ್ಕ ಹರಿಯಾಕತ್ತೈತಿ. ಹರಿಗೋಲು ಕಟ್ಟಿ ಹಾಕ್ರಿ.

ಅದರ ಕೆಳಗಿನ ಸಾಲು: ಹಲಗಿ ಮ್ಯಾಲ ಧೂಳು ಕುಂತೈತಿ, ಒರಸ್ರಿ.

ಚನ್ನವೀರ ನಕ್ಕ. ದಂಡೆಗೆ ಹೋಗಿ ಹುಲಿಗೆವ್ವನನ್ನು ಕೇಳಿದ. "ಹೊಳಿ ಹಿಂದಕ್ಕ ಹರಿಯಾಕತ್ತೈತಿ ಅಂತ ಬೋರ್ಡಿನ್ಯಾಗ ಯಾವತ್ತರ ಬಂದೈತೇನವ್ವ?"

"ಹುಚ್ಚು ಹಿಡದೈತೇನೋ ನಿನಗ?" ಅಂದಳು ಹುಲಿಗೆವ್ವ.

ಚನ್ನವೀರ ಬಂದು ಆ ಸಾಲು ಅಳಿಸಿದ. ಕೆಳಗಿನ ಸಾಲುಗಳು ಒಂದೊಂದು ಮನೆ ಮೇಲಕ್ಕೆ ಸರಿದವು. ಫೈಲು ಚೊಕ್ಕಟವಾಯಿತು.

"ಅಜ್ಜಾರ, ಎಲ್ಲಾ ಆತು. ಊಟ ಆದ ಮ್ಯಾಲ ಫೈಲು ಡಬ್ಬಿಗೆ ಹಾಕೂದ," ಅಂದ.

ಆ ಮಠದ ಊಟದ ಪದ್ಧತಿ ಸ್ವಲ್ಪ ಹೇಳಬೇಕು. ಬಡಿಸುವವರು ಉಣ್ಣುವವರ ಮುಖ ನೋಡಬಾರದು. ಮುಖ ನೋಡಿದರೆ ಬೇಕಾದವರಿಗೆ ಒಂದು ಸೌಟು ಹೆಚ್ಚು ಬೀಳುತ್ತದೆ, ಬೇಡದವರಿಗೆ ಕಡಿಮೆ. ಅದಕ್ಕೇ ಶಾಂತವ್ವ ತಲೆ ಬಗ್ಗಿಸಿ, ಅಜ್ಜಾರಿಂದ ಶುರುಮಾಡಿ ಎಲೆ ಎಣಿಸುತ್ತಾ ಬಡಿಸುತ್ತಿದ್ದಳು. ಯಾವ ಎಲೆಗೆ ಏನು ಅಂತ ಅವಳ ಕೈಗೆ ಗೊತ್ತು.

ಇನ್ನೊಂದು ಪದ್ಧತಿ. ನಡುವೆ ಒಂದು ಎಲೆಯ ಮುಂದೆ ಯಾರೂ ಕೂರುತ್ತಿರಲಿಲ್ಲ. ಅದು ನಿಂಬೆಕ್ಕನ ಎಲೆ. ಅದಕ್ಕೂ ಒಂದು ತುತ್ತು ಅನ್ನ ಬೀಳುತ್ತಿತ್ತು. ಊಟವಾದ ಮೇಲೆ ಅದು ದನಕ್ಕೆ.

ಖಾಲಿ ಎಲೆಯ ಆಚೆ ಚನ್ನವೀರ. ಅವನ ಆಚೆ ದುಂಡಪ್ಪಜ್ಜ, ಸಕ್ಕರೆ ಕಾಯಿಲೆಯವನು, ಸಿಹಿ ಕಂಡರೆ ಕಣ್ಣೀರು ಹಾಕುವವನು. ಕಡೆಗೆ ಬಾಳಮ್ಮ, ಬಾಯಲ್ಲಿ ಒಂದೂ ಹಲ್ಲಿಲ್ಲದವಳು.

ಅವತ್ತು ಚನ್ನವೀರನಿಗೆ ಚೊಕ್ಕಟ ಮಾಡುವ ಹುರುಪು ಇನ್ನೂ ಇಳಿದಿರಲಿಲ್ಲ.

"ಅಜ್ಜಾರ, ಈ ಎಲಿ ದಿನಾ ದಂಡ. ತಗದು ಎಲ್ಲಾರೂ ಒಂದೊಂದ ಎಲಿ ಸರದು ಕುಂತ್ರ ಆತಲ್ರಿ?"

ಅಜ್ಜಾರು ಬಹಳ ಹೊತ್ತು ಎಲೆ ನೋಡಿದರು. ಅವರಿಗೆ ಅದು ಸುಲಭವಾಗಿರಲಿಲ್ಲ.

"ಸರೀರಿ," ಅಂದರು.

ಎಲೆ ಹೋಯಿತು. ಮೂವರೂ ಸರಿದು ಕೂತರು. ಒಳಗಿಂದ ಶಾಂತವ್ವ ತಲೆ ಬಗ್ಗಿಸಿಕೊಂಡು ಬಂದಳು. ಅವತ್ತು ಗೋಧಿ ಹುಗ್ಗಿ.

ಚನ್ನವೀರನ ಮುಂದೆ ಒಂದೇ ತುತ್ತು ಅನ್ನ ಬಿತ್ತು. ಶಾಂತವ್ವ ಮುಂದೆ ಹೋದಳು.

"ಶಾಂತವ್ವ, ನನಗ ಇಷ್ಟನ?"

"ಈ ಎಲಿಗೆ ಅಷ್ಟ," ಅಂದಳು ತಲೆ ಎತ್ತದೆ.

ದುಂಡಪ್ಪಜ್ಜನ ಎಲೆಗೆ ಹುಗ್ಗಿ ಬಿತ್ತು. ಒಂದು ಸೌಟು, ಮತ್ತೊಂದು ಸೌಟು, ಮೇಲೆ ತುಪ್ಪ. ಚನ್ನವೀರ ದಿನಾ ಉಣ್ಣುತ್ತಿದ್ದ ಪ್ರಮಾಣ ಅದು. ಬಾಳಮ್ಮನ ಎಲೆಗೆ ದುಂಡಪ್ಪಜ್ಜನ ಪಾಲಿನ ಗಟ್ಟಿ ಕಟಕ ರೊಟ್ಟಿ. ಆಮೇಲೆ ಶಾಂತವ್ವ ಹಾಲಲ್ಲಿ ನೆನೆಸಿದ ರೊಟ್ಟಿ ಹಿಡಿದು ಬರೀ ನೆಲದ ಮುಂದೆ ನಿಂತಳು. ಇರಬೇಕಾದ ಎಲೆ ಅಲ್ಲಿರಲಿಲ್ಲ.

ಬಾಳಮ್ಮ ರೊಟ್ಟಿಯನ್ನು ತಿರುವಿ ತಿರುವಿ ನೋಡಿದಳು. ದುಂಡಪ್ಪಜ್ಜ ಕಣ್ಣು ಮುಚ್ಚಿ ಕೈ ಮುಗಿದ. ಎಷ್ಟೋ ವರ್ಷದ ಮೇಲೆ ದೇವರು ಕಣ್ಣು ತೆರೆದಿದ್ದ.

ಚನ್ನವೀರ ನಗುವುದಕ್ಕೆ ಬಾಯಿ ತೆರೆದ. ನಗು ಬರಲಿಲ್ಲ. ಕೈ ಅನ್ನದ ಮೇಲೆ ನಿಂತೇಬಿಟ್ಟಿತು.

ಥಟ್ಟನೆ ದುಂಡಪ್ಪಜ್ಜನ ಕೈ ಹಿಡಿದ. "ತಡೀರಿ ಅಜ್ಜ, ತಿನಬ್ಯಾಡ್ರಿ."

"ಬಿಡೋ ತಮ್ಮ. ತಾನಾಗೇ ಬಂದದ್ದು."

"ನಿಮ್ದಲ್ರೀ ಅದು. ನಿಮಗ ವಿಷ." ಆಮೇಲೆ ಅಜ್ಜಾರ ಕಡೆ ತಿರುಗಿದ. "ಅಜ್ಜಾರ, ನಾ ಅಲ್ಲೂ ಒಂದು ಎಲಿ ತಗದೀನ್ರಿ. ಫೈಲಿನ್ಯಾಗ."

"ಯಾರ್ದು?"

"ನಿಂಬೆಕ್ಕಂದು."

ಅಜ್ಜಾರ ಕಣ್ಣು ತುಂಬಿ ಬಂದವು.

ಎಲೆ ಮತ್ತೆ ಬಂತು. ದುಂಡಪ್ಪಜ್ಜ ಹುಗ್ಗಿಯನ್ನು ನೋಡುತ್ತಾ ನೋಡುತ್ತಾ ಹಿಂದಕ್ಕೆ ಸರಿದ. ಅವನ ಸಂಕಟ ನೋಡಲಾಗಲಿಲ್ಲ.

ಊಟವಾದ ಮೇಲೆ ಚನ್ನವೀರ ಅಜ್ಜಾರ ಹತ್ತಿರ ಬಂದು ಕೂತ.

"ಅಜ್ಜಾರ, ಅಲ್ಲಿ ಖಾಲಿ ಸಾಲು ಬಿಟ್ರ ಸಾಕಲ್ರಿ? ಕೆಳಗಿನವು ಸರಿಯೂದಿಲ್ಲ, ಜಾಗಾನೂ ಉಳೀತೈತಿ. ಹೊಳಿ ಹಿಂದಕ್ಕ ಹರಿಯೂದನ್ನ ಯಾರರ ನೋಡ್ಯಾರೇನ್ರಿ?"

"ನಾ ನೋಡಿಲ್ಲ."

"ಮತ್ತ?"

"ನಾ ನೋಡಿಲ್ಲ ಅಂತ ಹೊಳಿಗೆ ಗೊತ್ತಿಲ್ಲ."

ಚನ್ನವೀರ ಎದ್ದು ಹೋದ. ನಿಂಬೆಕ್ಕನ ಸಾಲನ್ನು ಅಕ್ಷರ ತಪ್ಪದಂತೆ ಅದೇ ಜಾಗದಲ್ಲಿ ಬರೆದ. ಅರ್ಥವಾಗಿ ಬರೆದನೇ ಅಂದರೆ, ಇಲ್ಲ. ಗುರು ಹೇಳಿದರು ಅಂತ ಬರೆದ. ಕೆಲವು ಸಲ ಅಷ್ಟೇ ಸಾಕಾಗುತ್ತದೆ.

ಮಳೆ ಹಿಡಿಯಿತು. ಇಲ್ಲಿ ಅಲ್ಲ, ಎಲ್ಲೋ ಮೇಲೆ, ದೊಡ್ಡ ಹೊಳೆಯ ತವರಲ್ಲಿ. ಇಲ್ಲಿ ಬರೀ ಮೋಡ, ಸೆಕೆ.

ಒಂದು ಮಧ್ಯಾಹ್ನ ಆಚೆ ದಂಡೆಯಿಂದ ಕೂಗು ಬಂತು. ಹುಲಿಗೆವ್ವನ ಅಳಿಯ ಟವೆಲು ಬೀಸುತ್ತಿದ್ದ.

"ಅತ್ತೀ, ಬ್ಯಾನಿ ಬಂದಾವು. ಲಗೂ ಬರ್ರಿ."

ಹುಲಿಗೆವ್ವ ಎದ್ದು ಬೋರ್ಡು ನೋಡಿದಳು. ಮೇಲಿನ ಕೋಲು ಸುಮ್ಮನಿತ್ತು, ಕೆಳಗಿನ ಕೋಲೂ ಸುಮ್ಮನಿತ್ತು. ಬೋರ್ಡಿನಲ್ಲಿ ಇದ್ದದ್ದು: ಇಳದೈತಿ, ಹೋಗ್ರಿ. ಸಣ್ಣ ಹೊಳೆ ತಟ್ಟೆಯಲ್ಲಿಟ್ಟ ನೀರಿನಂತೆ ಅಲುಗದೆ ನಿಂತಿತ್ತು. ಅಷ್ಟು ಶಾಂತವಾದ ಹೊಳೆಯನ್ನು ಯಾರೂ ಕಂಡಿರಲಿಲ್ಲ.

ಚನ್ನವೀರ ದಂಡೆಯಲ್ಲೇ ಇದ್ದ. ಅವಳಿಗೆ ಅನುಕೂಲವಾಗಲಿ ಅಂತ ಹಗ್ಗ ಬಿಚ್ಚಿ ಹಿಡಿದುಕೊಂಡ. ಹುಲಿಗೆವ್ವ ಒಂದು ಕಾಲು ಹರಿಗೋಲಿನಲ್ಲಿಟ್ಟಳು.

ಬೋರ್ಡು ಕತ್ತಲಾಯಿತು.

ಡಬ್ಬಿ ಅಟ್ಟ ಹತ್ತಿದೆ ಅಂತ ಅವನಿಗೆ ಗೊತ್ತಾಯಿತು. ಯಾವುದೋ ಮಾತು ತರುವುದಕ್ಕೆ ಹೋಗಿದೆ. ಒಂದು ಉಸಿರು.

ಕೆಂಪು ಅಕ್ಷರ ಮೂಡಿದವು: ಹೊಳಿ ಹಿಂದಕ್ಕ ಹರಿಯಾಕತ್ತೈತಿ. ಹರಿಗೋಲು ಕಟ್ಟಿ ಹಾಕ್ರಿ.

ಚನ್ನವೀರನಿಗೆ ತೀರಿಕೊಂಡವಳು ಪಕ್ಕದಲ್ಲಿ ನಿಂತು ಮಾತಾಡಿದ ಹಾಗಾಯಿತು.

ಹುಲಿಗೆವ್ವನೂ ಓದಿದಳು. ಹೊಳೆ ನೋಡಿದಳು. ಅವಳಿಗೆ ಸಿಟ್ಟು ಬಂತು.

"ಇದೇನಿದು? ಯಾರಿದನ್ನ ಬರದವರು? ನೀರು ನಿಂತಲ್ಲೇ ನಿಂತೈತಿ. ಹಗ್ಗ ಬಿಡೋ."

"ಬಿಡೂದಿಲ್ಲವ್ವ."

"ನನ್ನ ಮಗಳು ಅಲ್ಲಿ ಒದ್ದಾಡಾಕತ್ಯಾಳ. ಬಿಡ್ತೀಯೋ ಇಲ್ಲೋ?"

ಅವನು ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡ.

"ಹೊಳಿ ಹಿಂದಕ್ಕ ಹರಿಯೂದನ್ನ ನೀ ನೋಡೀಯೇನು?" ಅಂತ ಕೇಳಿದಳು.

"ನೋಡಿಲ್ಲ."

"ಮತ್ತ?"

"ನಾ ನೋಡಿಲ್ಲ ಅಂತ ಹೊಳಿಗೆ ಗೊತ್ತಿಲ್ಲವ್ವ."

ಹುಲಿಗೆವ್ವ ಅವನ ಕೈಯಿಂದ ಹಗ್ಗ ಕಿತ್ತುಕೊಳ್ಳುವುದಕ್ಕೆ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು.

ನೀರಿನ ಮೇಲೆ ಒಂದು ತೆಂಗಿನ ಚಿಪ್ಪು ತೇಲುತ್ತಿತ್ತು. ಅದು ಮೇಲಕ್ಕೆ ಹೋಗುತ್ತಿತ್ತು.

ನಿಧಾನವಾಗಿ, ಯಾರೋ ದಾರ ಕಟ್ಟಿ ಎಳೆದ ಹಾಗೆ. ಅದರ ಹಿಂದೆ ಹುಲ್ಲು. ಹುಲ್ಲಿನ ಹಿಂದೆ ನೊರೆಯ ಒಂದು ಗೆರೆ, ದಂಡೆಯಿಂದ ದಂಡೆಗೆ. ಆಮೇಲೆ ಸದ್ದು ಬಂತು. ಸದ್ದು ಮೇಲಿನಿಂದ ಬರಲಿಲ್ಲ, ಕೆಳಗಿನಿಂದ ಬಂತು.

ದೊಡ್ಡ ಹೊಳೆ ತುಂಬಿ ಬಂದಿತ್ತು. ಸಣ್ಣ ಹೊಳೆಗೆ ಒಳಗೆ ಹೋಗುವುದಕ್ಕೆ ಜಾಗವಿರಲಿಲ್ಲ. ದೊಡ್ಡದು ಅದರ ಬಾಯಿಗೆ ಕೈ ಇಟ್ಟು ಹಿಂದಕ್ಕೆ ನೂಕುತ್ತಿತ್ತು. ಕೂಡುವ ಬಾಯಲ್ಲಿದ್ದ ಗಾಲಿ ಎಲ್ಲರಿಗಿಂತ ಮೊದಲು ಅದನ್ನು ತಿಳಿದಿತ್ತು.

ಬೇರು ಸಮೇತ ಒಂದು ಮರ ಬಂತು. ಕೆಳಗಿನಿಂದ ಮೇಲಕ್ಕೆ ಬಂತು. ಹರಿಗೋಲು ನಿತ್ಯ ದಾಟುವ ಜಾಗದಲ್ಲಿ ಒಂದು ಸುತ್ತು ತಿರುಗಿ, ಆಚೆ ದಂಡೆಯ ಕಲ್ಲಿಗೆ ಬಡಿದು, ಮುಂದೆ ಹೋಯಿತು.

ಹುಲಿಗೆವ್ವ ಕೆಸರಲ್ಲೇ ಕೂತುಬಿಟ್ಟಳು.

ಮಠದವರೆಲ್ಲ ಓಡಿಬಂದರು. ದುಂಡಪ್ಪಜ್ಜ ಬಾಳಮ್ಮನ ಕೈ ಹಿಡಿದುಕೊಂಡಿದ್ದ, ಹಿಡಿದದ್ದು ಇಬ್ಬರಿಗೂ ಗೊತ್ತಿರಲಿಲ್ಲ. ಅಜ್ಜಾರು ಬಂದರು. ನೋಡಿದರು. ಕಾಲಿನ ಹಾವುಗೆ ಬಿಟ್ಟು, ಹಿಂದಕ್ಕೆ ಹರಿಯುವ ಹೊಳೆಗೆ ಕೈ ಮುಗಿದು ನಿಂತರು. ಹುಟ್ಟಿದಾಗಿನಿಂದ ಅದೇ ದಂಡೆಯಲ್ಲಿದ್ದವರು ಅವರು.

ಚನ್ನವೀರನಿಗೆ ಕೆಳಗಿನ ಸಾಲು ನೆನಪಾಯಿತು. ಹಲಗಿ ಮ್ಯಾಲ ಧೂಳು ಕುಂತೈತಿ, ಒರಸ್ರಿ. ಅವನು ಅಳಿಸಿದಂತೆಯೇ ಬಿಟ್ಟಿದ್ದರೆ, ಎಣಿಕೆ ಒಂದು ಸಾಲು ತಪ್ಪಿ, ಬೋರ್ಡಿನಲ್ಲಿ ಅದು ಮೂಡುತ್ತಿತ್ತು. ಹುಲಿಗೆವ್ವ ಸೆರಗಿನಿಂದ ಹಲಗೆ ಒರೆಸಿ, ಹಗ್ಗ ಬಿಚ್ಚಿ, ನಡುನೀರಿಗೆ ಹೋಗಿರುತ್ತಿದ್ದಳು.

ಹಗ್ಗ ಬಿಗಿದ ಅವನ ಕೈ ನೀಲಿಗಟ್ಟಿತ್ತು. ಬೇರೆಯವರು ಬಂದು ಬಿಡಿಸಬೇಕಾಯಿತು.

ಹೊತ್ತು ಇಳಿಯಿತು. ಹುಲಿಗೆವ್ವ ಆಚೆ ದಂಡೆ ನೋಡುತ್ತಾ ಕೂತೇ ಇದ್ದಳು. ಯಾರು ಕರೆದರೂ ಏಳಲಿಲ್ಲ. ಶಾಂತವ್ವ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರುತ್ತಿದ್ದಳು.

ಬೆಳಕು ಇನ್ನೂ ಇತ್ತು. ಆಚೆಯಿಂದ ಅಳಿಯನ ಕೂಗು ನೀರಿನ ಮೇಲೆ ತೇಲಿ ಬಂತು.

"ಅತ್ತೀ, ಹೆಣ್ಣು ಕೂಸು. ಸೂಲಗಿತ್ತಿ ಬಂದಿದ್ಳು. ಇಬ್ಬರೂ ಆರಾಮ ಅದಾರ."

ಹುಲಿಗೆವ್ವ ಆಗ ಅತ್ತಳು. ಗಂಡ ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ ಅಂತ ಶಾಂತವ್ವ ಆಮೇಲೆ ಹೇಳಿದಳು.

ಜನ ಚದುರಿದ ಮೇಲೆ ಗುರು ಶಿಷ್ಯ ಇಬ್ಬರೇ ಕಟ್ಟೆಯ ಹತ್ತಿರ ಉಳಿದರು.

"ಅಜ್ಜಾರ, ನಿಂಬೆಕ್ಕ ಇದನ್ನ ಕಂಡಿದ್ದಳೇನ್ರಿ?"

"ಇಲ್ಲ."

"ಮತ್ತ ಹೆಂಗ ಬರದಳು?"

"ಗಾಲಿ ಎರಡೂ ಕಡಿಗೆ ತಿರಗತೈತಿ ಅಂದಳು. ಒಂದ ಕಡಿಗೆ ಮಾತೈತಿ, ಇನ್ನೊಂದ ಕಡಿಗಿಲ್ಲ ಅಂದಳು. ಬರದಳು."

"ಇಷ್ಟನ?"

"ಇಷ್ಟ."

"ಆವಾಗ ನೀವೇನಂದ್ರಿ?"

"ನಾನೂ ನಕ್ಕೆ," ಅಂದರು ಅಜ್ಜಾರು. "ಆದ್ರ ಅಳಸಲಿಲ್ಲ."

ನೀರು ಇಳಿದು ಬೋರ್ಡು ಹೋಗ್ರಿ ಅಂದ ಮೇಲೆ ಹುಲಿಗೆವ್ವ ಹೋಗಿ ಮಗಳು ಮೊಮ್ಮಗಳನ್ನು ಕರೆತಂದಳು. ನೇರ ಮಠಕ್ಕೆ ಬಂದಳು. ಕೂಸನ್ನು ಎದೆಗವಚಿಕೊಂಡೇ ಕೇಳಿದಳು.

"ಆ ಮಾತು ಬರದವರು ಯಾರ್ರಿ ಅಜ್ಜಾರ? ನಾ ಸಿಟ್ಟಿಗೆದ್ದೆ. ಕಾಲಿಗೆ ಬೀಳಬೇಕು."

ಅಜ್ಜಾರು ಪಂಕ್ತಿಯ ಕಡೆ ಕೈ ತೋರಿಸಿದರು. ಆಗಷ್ಟೇ ಎಲೆ ಹಾಕಿದ್ದರು. ನಡುವೆ ಒಂದು ಎಲೆಯ ಮುಂದೆ ಯಾರೂ ಇರಲಿಲ್ಲ.

ಹುಲಿಗೆವ್ವ ಹೋಗಿ ಆ ಎಲೆಯ ಮುಂದೆ ಕೂಸನ್ನು ಒಂದು ಗಳಿಗೆ ಮಲಗಿಸಿದಳು, ಎತ್ತಿಕೊಂಡಳು. ಆಮೇಲೆ ಎಲ್ಲರಿಗಿಂತ ಕಡೆಗೆ ಹೋಗಿ ಕೂತಳು.

ಅವತ್ತು ಬಡಿಸುತ್ತೇನೆ ಅಂತ ಚನ್ನವೀರ ಕೇಳಿಕೊಂಡ. ಶಾಂತವ್ವ ಅನ್ನದ ಬುಟ್ಟಿ ಕೊಟ್ಟಳು.

ಅವನು ತಲೆ ಬಗ್ಗಿಸಿ, ಎಲೆ ಎಣಿಸುತ್ತಾ, ಅಜ್ಜಾರಿಂದ ಶುರುಮಾಡಿ ಬಂದ. ನಿಂಬೆಕ್ಕನ ಎಲೆಯ ಮುಂದೆ ಬಂದವನಿಗೆ ತಡೆಯಲಾಗಲಿಲ್ಲ. ಕಾಲು ನಿಂತವು. ಕಣ್ಣೀರು ಬಂತು. ಯಾರೂ ಇಲ್ಲದ ಕಡೆ ತಲೆ ಎತ್ತಿ ನೋಡಿದ, ಅಲ್ಲಿ ಕೂತವಳನ್ನು ಒಂದೇ ಒಂದು ಸಲ ನೋಡಬೇಕು ಅನ್ನುವ ಹಾಗೆ.

ಅಜ್ಜಾರು ತಮ್ಮ ಎಲೆಯಿಂದಲೇ ಮೆಲ್ಲಗೆ ಅಂದರು.

"ಮುಖ ನೋಡಬ್ಯಾಡಪ. ಬಡಸು."